ಕಣದಿಂದ ಕಟಕಟೆಗೆ: ಒಂದು ಗ್ರೀಕ್ ಕ್ರಿಯಾಪದದ ಕತೆ



ದಿನಪತ್ರಿಕೆಗಳಲ್ಲಿ ಉಪಯೋಗಿಸಿ ಉಪಯೋಗಿಸಿ ಸವೆದುಹೋದ ಪದಗಳ ಪೈಕಿ ‘ಬಿಕ್ಕಟ್ಟು’ ಕೂಡ ಒಂದು. ಕುಡಿಯುವ ನೀರಿನ ಬಿಕ್ಕಟ್ಟು, ವಿದ್ಯುತ್ ಬಿಕ್ಕಟ್ಟು, ಸಚಿವ ಸಂಪುಟದ ಬಿಕ್ಕಟ್ಟು, ಮೌಲ್ಯಗಳ ಬಿಕ್ಕಟ್ಟು - ಒಂದಲ್ಲ ಒಂದು ಬಿಕ್ಕಟ್ಟು ಇಲ್ಲದ ದಿನವಿಲ್ಲ. ಇಂಗ್ಲಿಷಿನ ‘ಕ್ರೈಸಿಸ್’ ಎಂಬ ಪದಕ್ಕೆ ಕನ್ನಡ ಪತ್ರಿಕೆಗಳು ರೂಢಿಸಿಕೊಂಡ ಮಾತು ಇದು. ಇಕ್ಕಟ್ಟು, ಬಿಕ್ಕಟ್ಟು ಎಂದು ಜೋಡಿಯಾಗಿ ಹೇಳುವಾಗ ಕಣ್ಣೆದುರು ಬರುವುದು ಉಸಿರುಗಟ್ಟಿಸುವ ಜಾಗ, ಬಿಡಿಸಲು ಬಾರದ ಗಂಟು. ಆದರೆ ‘ಕ್ರೈಸಿಸ್’ ಪದದ ತವರುಮನೆಯಾದ ಪ್ರಾಚೀನ ಗ್ರೀಕ್ ಭಾಷೆಯಲ್ಲಿ ಚಿತ್ರವೇ ಬೇರೆ. ಅಲ್ಲಿರುವುದು ಗಂಟಲ್ಲ, ಒಕ್ಕಣೆಯ ಕಣ. ರಾಶಿ, ಗಾಳಿ, ಕಾಳು, ಹೊಟ್ಟು.

ಆ ಪದಕ್ಕೆ ಮೂಲವಾದ ಕ್ರಿಯಾಪದ ‘ಕ್ರೀನೋ’. ಬೇರ್ಪಡಿಸು ಎಂಬುದು ಅದರ ಮೊದಲ ಅರ್ಥ. ಆರಿಸು, ತೀರ್ಪು ಕೊಡು, ವಿಚಾರಣೆಗೆ ಗುರಿಪಡಿಸು, ತಪ್ಪಿತಸ್ಥನೆಂದು ಸಾರು, ಕನಸಿನ ಅರ್ಥ ಬಿಡಿಸು, ಕಾದಾಡಿ ಇತ್ಯರ್ಥ ಮಾಡಿಕೊ - ಇವೆಲ್ಲ ಅದೇ ಕ್ರಿಯಾಪದದ ಅರ್ಥಗಳು. ಒಂದೇ ಪದ ಇಷ್ಟೊಂದು ಕೆಲಸ ಮಾಡಿದ್ದು ಹೇಗೆ, ಆ ಕೆಲಸಗಳಲ್ಲಿ ಯಾವುದನ್ನು ಇಂದಿನ ಜಗತ್ತು ಮರೆತಿದೆ ಎಂಬುದೇ ಈ ಉಪನ್ಯಾಸದ ವಿಷಯ.

ಮೊದಲು ವ್ಯಾಕರಣದ ಒಂದು ಸಣ್ಣ ಮಾತು. ಕನ್ನಡ ನಿಘಂಟಿನಲ್ಲಿ ಕ್ರಿಯಾಪದ ಹುಡುಕುವವರಿಗೆ ಸಿಗುವುದು ‘ಮಾಡು’, ‘ನೋಡು’, ‘ಕೇರು’ ಎಂಬ ಮೂಲ ರೂಪ. 1843ರಲ್ಲಿ ಆಕ್ಸ್‌ಫರ್ಡ್‌ನಿಂದ ಹೊರಬಂದ ಲಿಡೆಲ್ ಮತ್ತು ಸ್ಕಾಟ್ ಅವರ ಪ್ರಸಿದ್ಧ ಗ್ರೀಕ್ ನಿಘಂಟು ತೆರೆದರೆ ಸಿಗುವುದು ಉತ್ತಮ ಪುರುಷ ಏಕವಚನದ ರೂಪ. ‘ಕ್ರೀನೋ’ ಎಂದರೆ ಬರೀ ‘ಬೇರ್ಪಡಿಸು’ ಅಲ್ಲ, ‘ಬೇರ್ಪಡಿಸುತ್ತೇನೆ’. ಕನ್ನಡದ ‘ಕೇರುತ್ತೇನೆ’ ಎಂಬಲ್ಲಿ ‘ನಾನು’ ಎಂದು ಬೇರೆ ಹೇಳಬೇಕಾಗಿಲ್ಲವಲ್ಲ, ಹಾಗೆಯೇ. ಮಾಡುವವನು ಆ ಪದದೊಳಗೇ ಕುಳಿತಿದ್ದಾನೆ. ಇದನ್ನು ನೆನಪಿನಲ್ಲಿಡಬೇಕು, ಕೊನೆಗೆ ಇದೇ ಮುಖ್ಯವಾಗುತ್ತದೆ.

ಈಗ ಹೋಮರನ ‘ಇಲಿಯಡ್’ ಕಾವ್ಯಕ್ಕೆ ಬರೋಣ. ಅದರ ಐದನೇ ಸರ್ಗದಲ್ಲಿ ಒಂದು ಉಪಮೆ ಇದೆ. ಯುದ್ಧಭೂಮಿಯಲ್ಲಿ ಎದ್ದ ಧೂಳು ಸೈನಿಕರನ್ನು ಬೆಳ್ಳಗೆ ಮಾಡುತ್ತದೆ. ಅದು ಹೇಗಿತ್ತೆಂದರೆ, ಜನ ರಾಶಿ ತೂರುವಾಗ ಧಾನ್ಯದ ದೇವತೆ ದಿಮಿತರ್ ಬೀಸುವ ಗಾಳಿಯಲ್ಲಿ ಕಾಳನ್ನೂ ಹೊಟ್ಟನ್ನೂ ಬೇರೆ ಮಾಡುತ್ತಿದ್ದಂತೆ, ಹೊಟ್ಟು ಬಿದ್ದ ಜಾಗ ಬೆಳ್ಳಗಾಗುತ್ತಿದ್ದಂತೆ ಎನ್ನುತ್ತಾನೆ ಕವಿ. ಆ ‘ಬೇರೆ ಮಾಡುವ’ ಕೆಲಸಕ್ಕೆ ಅವನು ಬಳಸಿದ ಪದ ‘ಕ್ರೀನೋ’. ಸುಗ್ಗಿಯ ಕಾಲದಲ್ಲಿ ಗಾಳಿ ನೋಡಿ ರಾಶಿ ತೂರಿದ ಯಾವ ರೈತನಿಗೂ ಈ ಉಪಮೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಅದೇ ಕಾವ್ಯದಲ್ಲಿ ಮುಪ್ಪಿನ ನೆಸ್ಟರ್ ದೊರೆ ಅಗಮೆಮ್ನನನಿಗೆ ಒಂದು ಸಲಹೆ ಕೊಡುತ್ತಾನೆ. ಸೈನಿಕರನ್ನು ಕುಲ ಕುಲವಾಗಿ, ಬಳಿ ಬಳಿಯಾಗಿ ಬೇರ್ಪಡಿಸಿ ನಿಲ್ಲಿಸು. ಆಗ ಯಾರು ಧೈರ್ಯವಂತರು, ಯಾರು ಹೇಡಿಗಳು ಎಂಬುದು ಗೊತ್ತಾಗುತ್ತದೆ ಎಂಬುದು ಅವನ ಉಪಾಯ. ಅಲ್ಲಿಯೂ ‘ಕ್ರೀನೋ’. ಹಡಗಿಗೆ 20 ಮಂದಿ ಹುಟ್ಟು ಹಾಕುವವರನ್ನು ಆರಿಸುವಾಗಲೂ ‘ಕ್ರೀನೋ’. ಬೇರ್ಪಡಿಸಿದ ಮೇಲೆ ಒಂದನ್ನು ಇಟ್ಟುಕೊಳ್ಳಬೇಕು, ಇನ್ನೊಂದನ್ನು ಬಿಡಬೇಕು. ಹೀಗೆ ‘ಬೇರ್ಪಡಿಸು’ ಎಂಬುದು ‘ಆರಿಸು’ ಎಂದಾಯಿತು. ಇಬ್ಬರು ವೀರರಲ್ಲಿ ಯಾರು ಮೇಲು ಎಂಬುದನ್ನು ಯುದ್ಧವೇ ಬೇರ್ಪಡಿಸಿ ತೋರಿಸುವುದರಿಂದ ‘ಕಾದಾಡು’ ಎಂಬ ಅರ್ಥವೂ ಸೇರಿಕೊಂಡಿತು.

ಕನಸು ಬಿಡಿಸುವುದಕ್ಕೂ ಇದೇ ಪದ. ಯೂರಿಡಮಸ್ ಎಂಬ ಮುದುಕ ಕನಸುಗಳ ಅರ್ಥ ಹೇಳುವುದರಲ್ಲಿ ನಿಪುಣ. ಅವನ ಇಬ್ಬರು ಮಕ್ಕಳು ಟ್ರಾಯ್ ಯುದ್ಧದಲ್ಲಿ ಡಯಮೀಡೀಸನ ಕೈಯಲ್ಲಿ ಸತ್ತರು. ಮಕ್ಕಳು ಹೊರಟಾಗ ಅಪ್ಪ ಅವರಿಗಾಗಿ ಕನಸು ಬಿಡಿಸಲಿಲ್ಲ ಎಂದು ಕೆಲವು ವಿದ್ವಾಂಸರು ಆ ಸಾಲನ್ನು ಓದುತ್ತಾರೆ. ಅಪ್ಪ ಕನಸು ಬಿಡಿಸಿ ಹೇಳುವುದಕ್ಕೆ ಮಕ್ಕಳು ಮರಳಿ ಬರಲೇ ಇಲ್ಲ ಎಂದು ಇನ್ನು ಕೆಲವರು ಓದುತ್ತಾರೆ. ಎರಡರಲ್ಲೂ ಸಂಕಟ ಒಂದೇ. ಕನಸಿನಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ಬಲ್ಲವನಿಗೂ ಬೇಕಾದ ಹೊತ್ತಿನಲ್ಲಿ ಅದು ಒದಗಲಿಲ್ಲ.

ನ್ಯಾಯ ತೀರ್ಮಾನಕ್ಕೆ ಈ ಪದ ಬಂದದ್ದೂ ಹೋಮರನ ಕಾಲದಲ್ಲಿಯೇ. ಸಂತೆಯ ಬಯಲಿನಲ್ಲಿ ಕುಳಿತು ಸೊಟ್ಟ ತೀರ್ಪು ಕೊಡುವವರ ಮೇಲೆ ಸ್ಯೂಸ್ ದೇವರು ಸಿಟ್ಟಾಗಿ ಬಿರುಮಳೆ ಸುರಿಸುತ್ತಾನೆ ಎಂಬ ಮಾತು ಇಲಿಯಡ್‌ನ 16ನೇ ಸರ್ಗದಲ್ಲಿದೆ. ಅಕಿಲೀಸ್ ಸತ್ತ ಮೇಲೆ ಅವನ ಆಯುಧಗಳು ಯಾರಿಗೆ ಸೇರಬೇಕು ಎಂಬ ವ್ಯಾಜ್ಯ ಹುಟ್ಟಿತು. ಗ್ರೀಕರು ಆ ಪ್ರಸಂಗವನ್ನು ‘ಆಯುಧಗಳ ಕ್ರಿಸಿಸ್’ ಎಂದೇ ಕರೆದರು. ತೀರ್ಪು ಒಡಿಸ್ಯೂಸನ ಕಡೆ ಆಯಿತು. ಅವಮಾನಗೊಂಡ ಏಜಾಕ್ಸ್‌ನಿಗೆ ಬುದ್ಧಿ ಕೆಟ್ಟು, ಶತ್ರುಗಳೆಂದು ಭ್ರಮಿಸಿ ದನಕುರಿಗಳನ್ನು ಕಡಿದು ಹಾಕಿದ. ಭ್ರಮೆ ಇಳಿದ ಮೇಲೆ ತನ್ನ ಕತ್ತಿಗೆ ತಾನೇ ಬಲಿಯಾದ. ಸೊಫೊಕ್ಲಿಸ್‌ನ ‘ಏಜಾಕ್ಸ್’ ನಾಟಕದ ವಸ್ತು ಇದೇ. ಬಿ.ಎಂ. ಶ್ರೀಕಂಠಯ್ಯನವರು ಈ ನಾಟಕವನ್ನು ಮಹಾಭಾರತದ ಚೌಕಟ್ಟಿಗೆ ತಂದು ‘ಅಶ್ವತ್ಥಾಮನ್’ ಬರೆದರು ಎಂಬುದು ಕನ್ನಡಿಗರಿಗೆ ತಿಳಿದ ಸಂಗತಿ. ಒಂದು ತೀರ್ಪು ಒಬ್ಬ ಮನುಷ್ಯನನ್ನು ಏನು ಮಾಡಬಲ್ಲದು ಎಂಬುದಕ್ಕೆ ಆ ನಾಟಕ ಸಾಕ್ಷಿ.

ಮುಂದೆ ಅಥೆನ್ಸ್ ನಗರದಲ್ಲಿ ಪ್ರಜಾಪ್ರಭುತ್ವ ಬಂದಾಗ ಬೇರ್ಪಡಿಸುವ ಈ ಅಧಿಕಾರ ರಾಜರ, ಹಿರಿಯರ ಕೈತಪ್ಪಿ ಸಾಮಾನ್ಯ ನಾಗರಿಕರ ಕೈಗೆ ಬಂತು. 30 ವರ್ಷ ದಾಟಿದ ನಾಗರಿಕರಲ್ಲಿ ಪ್ರತಿ ವರ್ಷ 6,000 ಮಂದಿಯನ್ನು ಚೀಟಿ ಎತ್ತಿ ನ್ಯಾಯಮಂಡಲಿಗೆ ಆರಿಸುತ್ತಿದ್ದರು. ವೃತ್ತಿಪರ ನ್ಯಾಯಾಧೀಶರೆಂಬುವರು ಇರಲಿಲ್ಲ. ವಾದಿ, ಪ್ರತಿವಾದಿ ಇಬ್ಬರಿಗೂ ಅಳೆದು ಕೊಟ್ಟ ಕಾಲ. ಬುಡದಲ್ಲಿ ತೂತಿರುವ ಮಡಕೆಯಿಂದ ನೀರು ಸೋರಿ ಮುಗಿಯುವಷ್ಟರಲ್ಲಿ ಮಾತು ಮುಗಿಯಬೇಕು. ಅಥೆನ್ಸಿನ ಅಗೋರಾ ಉತ್ಖನನದಲ್ಲಿ ಅಂಥದೊಂದು ಮಡಕೆ ಸಿಕ್ಕಿದೆ. ಅದರ ನೀರು ಸೋರಲು ಸುಮಾರು ಆರು ನಿಮಿಷ ಹಿಡಿಯುತ್ತದೆ. ಕ್ರಿ.ಪೂ. 4ನೇ ಶತಮಾನದಲ್ಲಿ ಪ್ರತಿ ಸದಸ್ಯನಿಗೆ ನಡುವೆ ಕಡ್ಡಿಯಿರುವ ಎರಡು ಕಂಚಿನ ಬಿಲ್ಲೆ ಕೊಡುತ್ತಿದ್ದರು. ಒಂದರ ಕಡ್ಡಿ ಟೊಳ್ಳು, ಇನ್ನೊಂದರದು ಗಟ್ಟಿ. ಕಡ್ಡಿಯ ತುದಿಗಳನ್ನು ಬೆರಳಿನಿಂದ ಮುಚ್ಚಿ ಹಿಡಿದು ಡಬ್ಬಿಗೆ ಹಾಕಿದರೆ ಯಾರ ಮತ ಯಾರಿಗೆಂದು ಪಕ್ಕದವನಿಗೂ ತಿಳಿಯುತ್ತಿರಲಿಲ್ಲ. ಸದಸ್ಯರು ತಮ್ಮತಮ್ಮಲ್ಲಿ ಸಮಾಲೋಚನೆ ನಡೆಸುವ ಪದ್ಧತಿಯೂ ಇರಲಿಲ್ಲ. ಕೇಳು, ಬೇರ್ಪಡಿಸು, ಹಾಕು - ಅಷ್ಟೇ.

ತೀರ್ಪು ಕೊಡುವ ಈ ಹುಚ್ಚನ್ನು ಗೇಲಿ ಮಾಡಿದವರೂ ಇದ್ದರು. ಕ್ರಿ.ಪೂ. 422ರಲ್ಲಿ ಪ್ರದರ್ಶನಗೊಂಡ ಅರಿಸ್ಟೊಫೆನಿಸ್‌ನ ‘ಕಡಜಗಳು’ ಪ್ರಹಸನದಲ್ಲಿ ಒಬ್ಬ ಮುದುಕನಿಗೆ ನ್ಯಾಯಮಂಡಲಿಗೆ ಹೋಗದಿದ್ದರೆ ನಿದ್ದೆಯಿಲ್ಲ. ಮಗ ಅವನನ್ನು ಮನೆಯಲ್ಲಿ ಕೂಡಿಹಾಕಿ, ಸಮಾಧಾನಕ್ಕೆಂದು ಗಿಣ್ಣು ಕದ್ದ ಮನೆಯ ನಾಯಿಯ ವಿಚಾರಣೆ ನಡೆಸಲು ಬಿಡುತ್ತಾನೆ. ನಗೆಯ ಹಿಂದೆ ಕಹಿಯೂ ಇತ್ತು. ‘ಕ್ರೀನೋ’ ಎಂಬುದಕ್ಕೆ ಅಥೆನ್ಸಿನ ಕೋರ್ಟುಗಳಲ್ಲಿ ‘ಆರೋಪ ಹೊರಿಸು’, ‘ಶಿಕ್ಷೆಗೆ ಗುರಿಮಾಡು’ ಎಂಬ ಅರ್ಥಗಳೂ ಬೆಳೆದಿದ್ದವು. ಬೇರ್ಪಡಿಸಿ ನೋಡುವ ಕೆಲಸಕ್ಕೂ ತಪ್ಪಿತಸ್ಥನೆನ್ನುವ ಕೆಲಸಕ್ಕೂ ನಡುವಿನ ಗೆರೆ ಎಷ್ಟು ತೆಳು ಎಂಬುದನ್ನು ಭಾಷೆಯೇ ತೋರಿಸುತ್ತಿತ್ತು. ಕ್ರಿ.ಪೂ. 399ರಲ್ಲಿ ಸುಮಾರು 500 ಮಂದಿಯ ಮಂಡಲಿ ಸಾಕ್ರಟೀಸನಿಗೆ ಮರಣದಂಡನೆ ವಿಧಿಸಿತು. ವಿಚಾರಣೆ ಮುಗಿದದ್ದು ಒಂದೇ ದಿನದಲ್ಲಿ. ಮರಣದಂಡನೆಯ ಮೊಕದ್ದಮೆಗಳನ್ನು ಹಲವು ದಿನ ನಡೆಸುವ ಕಾನೂನು ಬೇರೆ ಕಡೆ ಇರುವಂತೆ ಇಲ್ಲಿಯೂ ಇದ್ದಿದ್ದರೆ ನಿಮಗೆ ಮನವರಿಕೆ ಮಾಡಿಕೊಡುತ್ತಿದ್ದೆ ಎಂಬರ್ಥದ ಮಾತನ್ನು ಪ್ಲೇಟೊ ತನ್ನ ಗುರುವಿನ ಬಾಯಲ್ಲಿ ಆಡಿಸಿದ್ದಾನೆ. ಗಾಳಿ ಸರಿಯಾಗಿ ಬೀಸುವ ಮುನ್ನವೇ ರಾಶಿ ತೂರಿದಂತಾಯಿತು.

ಇಷ್ಟಾದರೂ ಈ ಅಧಿಕಾರವನ್ನು ಜನರಿಂದ ಕಿತ್ತುಕೊಳ್ಳಬೇಕೆಂದು ಅರಿಸ್ಟಾಟಲ್ ಹೇಳಲಿಲ್ಲ ಎಂಬುದು ಗಮನಾರ್ಹ. ‘ರಾಜನೀತಿ’ ಗ್ರಂಥದ ಮೂರನೇ ಭಾಗದಲ್ಲಿ ನಾಗರಿಕ ಎಂದರೆ ಯಾರು ಎಂಬ ಪ್ರಶ್ನೆ ಎತ್ತುತ್ತಾನೆ. ಊರಿನಲ್ಲಿ ವಾಸವಾಗಿರುವುದರಿಂದ ಯಾರೂ ನಾಗರಿಕನಾಗುವುದಿಲ್ಲ. ‘ಕ್ರಿಸಿಸ್’ನಲ್ಲಿಯೂ ಅಧಿಕಾರದಲ್ಲಿಯೂ ಪಾಲು ಇರುವವನೇ ನಾಗರಿಕ ಎಂಬುದು ಅವನ ವ್ಯಾಖ್ಯೆ. ಹೆಂಗಸರು, ಗುಲಾಮರು, ಹೊರಗಿನಿಂದ ಬಂದು ನೆಲೆಸಿದವರು ಈ ಪಾಲಿನಿಂದ ಹೊರಗೇ ಉಳಿದಿದ್ದರು ಎಂಬ ಕಟುಸತ್ಯವನ್ನು ಮರೆಯುವಂತಿಲ್ಲ. ಆದರೂ ವ್ಯಾಖ್ಯೆಯ ತಿರುಳು ದೊಡ್ಡದು. ‘ಕ್ರಿಸಿಸ್’ ಎಂದರೆ ಅಲ್ಲಿ ಜನರ ಮೇಲೆ ಬಂದೆರಗುವ ಆಪತ್ತಲ್ಲ. ಜನ ಮಾಡಬೇಕಾದ ಕೆಲಸ.

ರಂಗಭೂಮಿಗೂ ಈ ಪದ ಕಾಲಿಟ್ಟಿತು. ಡಯೊನೈಸಸ್ ಹಬ್ಬದ ನಾಟಕ ಸ್ಪರ್ಧೆಗೆ ಹತ್ತು ಕುಲಗಳಿಂದ ಒಬ್ಬೊಬ್ಬರಂತೆ ಚೀಟಿ ಎತ್ತಿ ಆರಿಸಿದ ತೀರ್ಪುಗಾರರಿಗೆ ‘ಕ್ರಿತಾಯ್’ ಎಂದು ಹೆಸರು. ನಟನಿಗೆ ‘ಹಿಪೊಕ್ರಿತೇಸ್’. ಅದೇ ಕ್ರಿಯಾಪದಕ್ಕೆ ಒಂದು ಉಪಸರ್ಗ ಸೇರಿ ಆದ ಪದ ಇದು. ‘ಒಡಿಸ್ಸಿ’ಯಲ್ಲಿ ಪೆನೆಲೋಪಿ ತನ್ನ 20 ಬಾತುಗಳನ್ನು ಹದ್ದೊಂದು ಕೊಂದ ಕನಸನ್ನು ಹೇಳಿ, ಭಿಕ್ಷುಕನ ವೇಷದಲ್ಲಿರುವ ಗಂಡನಿಗೇ ‘ಅರ್ಥ ಹೇಳು’ ಎನ್ನುವಾಗ ಬಳಸುವುದು ಇದೇ ಕ್ರಿಯಾಪದ. ನಟ ಎಂದರೆ ಮೇಳಕ್ಕೆ ಉತ್ತರ ಕೊಡುವವನೋ, ಕತೆಯ ಅರ್ಥ ಬಿಡಿಸುವವನೋ ಎಂದು ವಿದ್ವಾಂಸರು ಇನ್ನೂ ವಾದ ಮಾಡುತ್ತಾರೆ. ಗ್ರೀಕ್ ನಟರು ಮುಖವಾಡ ತೊಡುತ್ತಿದ್ದರು. ಬೈಬಲಿನ ಹೊಸ ಒಡಂಬಡಿಕೆಯ ಕಾಲಕ್ಕೆ ‘ಹಿಪೊಕ್ರಿತೇಸ್’ ಎಂದರೆ ಒಳಗೊಂದು ಹೊರಗೊಂದು ಇರುವವನು ಎಂದಾಗಿತ್ತು. ಕನ್ನಡ ಬೈಬಲಿನಲ್ಲಿ ಅವನು ‘ಕಪಟಿ’. ಇಂಗ್ಲಿಷಿನ ‘ಹಿಪೊಕ್ರಿಟ್’ ಅವನೇ. ‘ಮುಖವಾಡ ಕಳಚಿತು’ ಎಂದು ಕನ್ನಡಿಗರು ಆಡುವ ಮಾತಿನಲ್ಲಿಯೂ ರಂಗಭೂಮಿಯಿಂದ ನೀತಿಯ ಕಡೆಗೆ ಇದೇ ದಾರಿ ಕಾಣುತ್ತದೆ.

ಇನ್ನು ವೈದ್ಯರ ಸರದಿ. ‘ಕ್ರೈಸಿಸ್’ ಪದ ಆಪತ್ತಿನ ಕಡೆ ವಾಲಿದ್ದು ರೋಗಿಯ ಹಾಸಿಗೆಯ ಪಕ್ಕದಲ್ಲಿ. ಹಿಪೊಕ್ರೆಟಿಸ್‌ನ ಹೆಸರಿನಲ್ಲಿ ಬಂದಿರುವ ‘ಎಪಿಡೆಮಿಕ್ಸ್’ ಎಂಬ ಗ್ರಂಥದ ಒಂದನೆಯ ಮತ್ತು ಮೂರನೆಯ ಭಾಗಗಳಲ್ಲಿ 42 ರೋಗಿಗಳ ದಿನಚರಿಯಿದೆ. ಯಾವ ದಿನ ಜ್ವರ ಏರಿತು, ಯಾವ ದಿನ ಬೆವರಿತು, ಯಾವ ದಿನ ಬಡಬಡಿಸಿದ ಎಂದು ವೈದ್ಯ ಬರೆದಿಟ್ಟಿದ್ದಾನೆ. ಮೊದಲ ರೋಗಿ, ಊರಗೋಡೆಯ ಬಳಿ ವಾಸವಾಗಿದ್ದ ಫಿಲಿಸ್ಕಸ್, ಆರನೇ ದಿನ ಸತ್ತ. ಆ 42 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಉಳಿಯಲಿಲ್ಲ. ಉಳಿದವರ ಬಗ್ಗೆ ಬರುವ ಮಾತು ‘ಎಕ್ರಿಥೇ’. ಅಂದರೆ ತೀರ್ಮಾನವಾಯಿತು, ರೋಗ ಒಂದು ಕಡೆಗೆ ತಿರುಗಿತು. ಆ ತಿರುವೇ ‘ಕ್ರಿಸಿಸ್’. ಬದುಕಿಗೂ ಅದೇ ಬಾಗಿಲು, ಸಾವಿಗೂ ಅದೇ ಬಾಗಿಲು. ಆಗ ‘ಒಳ್ಳೆಯ ಕ್ರಿಸಿಸ್’ ಎಂದರೆ ಯಾರೂ ನಗುತ್ತಿರಲಿಲ್ಲ. ಕ್ರಿ.ಶ. 2ನೇ ಶತಮಾನದ ವೈದ್ಯ ಗ್ಯಾಲನ್ ಇಂಥ ನಿರ್ಣಾಯಕ ದಿನಗಳ ಮೇಲೆಯೇ ಗ್ರಂಥ ಬರೆದ.

ಇದು ಬರೀ ಹಳೆಯ ನಂಬಿಕೆ ಅಲ್ಲ. ಪೆನಿಸಿಲಿನ್ ಬಳಕೆಗೆ ಬಂದ 1940ರ ದಶಕದವರೆಗೂ ನ್ಯುಮೋನಿಯಾ ರೋಗಿಯ ಜ್ವರ ವಾರದ ಆಸುಪಾಸಿನಲ್ಲಿ ಒಮ್ಮೆಲೇ ಇಳಿಯುವುದನ್ನು ವೈದ್ಯರು ‘ಕ್ರೈಸಿಸ್’ ಎಂದೇ ಕರೆಯುತ್ತಿದ್ದರು. ಹಳೆಯ ಸಿನಿಮಾಗಳ ಡಾಕ್ಟರು ಕನ್ನಡಕ ತೆಗೆದು ‘ಇನ್ನು ಇಪ್ಪತ್ತನಾಲ್ಕು ಗಂಟೆ ಕಳೆಯಲಿ, ಆಮೇಲೆ ಹೇಳುತ್ತೇವೆ’ ಎನ್ನುತ್ತಿದ್ದರಲ್ಲ, ಅದು ಹಿಪೊಕ್ರೆಟಿಸ್‌ನ ಕಾಲದ ಮಾತೇ.

ಸಾಹಿತ್ಯದಲ್ಲಿಯೂ ಮೊರ ಹಿಡಿದವರಿದ್ದರು. ಅಲೆಕ್ಸಾಂಡ್ರಿಯಾದ ವಿದ್ವತ್ ಪರಂಪರೆಯಲ್ಲಿ ಬೆಳೆದ ಡಯೊನೀಸಿಯಸ್ ಥ್ರಾಕ್ಸ್ ಎಂಬ ವೈಯಾಕರಣ ತನ್ನ ಶಾಸ್ತ್ರದ ಅತ್ಯುತ್ತಮ ಭಾಗ ‘ಕವಿತೆಗಳ ಕ್ರಿಸಿಸ್’ ಎಂದ. ಇಂಗ್ಲಿಷಿನ ‘ಕ್ರಿಟಿಕ್’ ಹುಟ್ಟಿದ್ದು ಈ ಬಳಗದಲ್ಲಿ. ಓದಿಗೆ ಯೋಗ್ಯರೆಂದು ಆಯ್ದ ಕವಿಗಳನ್ನು ‘ಒಳಗೆ ಆರಿಸಿದವರು’ ಎಂದು ಕರೆಯುತ್ತಿದ್ದರು. ಅದೂ ಇದೇ ಕ್ರಿಯಾಪದದಿಂದ ಆದ ಪದ. ಸೊಫೊಕ್ಲಿಸ್ ನೂರಿಪ್ಪತ್ತಕ್ಕೂ ಹೆಚ್ಚು ನಾಟಕ ಬರೆದ. ಪೂರ್ತಿಯಾಗಿ ಉಳಿದಿರುವುದು ಏಳು. ಬೆಂಕಿ, ಹುಳು, ಕಾಲ ಇವುಗಳ ಜೊತೆಗೆ ಪಾಠಶಾಲೆಗಳ ಆಯ್ಕೆಯೂ ಇದಕ್ಕೆ ಕಾರಣ. ಹೊಟ್ಟೆಂದು ತೂರಿದ್ದರಲ್ಲಿ ಕಾಳು ಎಷ್ಟಿತ್ತೋ ಹೇಳುವವರಿಲ್ಲ.

ಕ್ರಿ.ಪೂ. 3ನೇ ಶತಮಾನದಿಂದ ಹೀಬ್ರೂ ಧರ್ಮಗ್ರಂಥಗಳು ಗ್ರೀಕ್ ಭಾಷೆಗೆ ಬರತೊಡಗಿದಾಗ ದೇವರ ನ್ಯಾಯತೀರ್ಪಿಗೂ ‘ಕ್ರಿಸಿಸ್’ ಎಂಬುದೇ ಪದವಾಯಿತು. ಕನ್ನಡ ಬೈಬಲಿನಲ್ಲಿ ‘ನ್ಯಾಯಸ್ಥಾಪಕರು’ ಎಂಬ ಭಾಗಕ್ಕೆ ಗ್ರೀಕಿನಲ್ಲಿ ‘ಕ್ರಿತಾಯ್’ ಎಂದು ಹೆಸರು. ನಾಟಕದ ತೀರ್ಪುಗಾರರಿಗೆ ಇದ್ದ ಹೆಸರೇ ಅದು. ಲೋಕಾಂತ್ಯದ ತೀರ್ಪು ಕೂಡ ‘ಕ್ರಿಸಿಸ್’. ಇಲ್ಲಿ ಬೇರ್ಪಡಿಸುವ ಅಧಿಕಾರ ಮನುಷ್ಯನಿಂದ ದೇವರ ಕೈಗೆ ಹೋಯಿತು.

ಇದೇ ಮೂಲದ ಸೋದರ ಪದಗಳು ಲ್ಯಾಟಿನ್‌ನಲ್ಲಿಯೂ ಇವೆ. ಜರಡಿಗೆ ಲ್ಯಾಟಿನ್‌ನಲ್ಲಿ ‘ಕ್ರಿಬ್ರುಮ್’. ಇಂಗ್ಲಿಷಿನ ‘ಸೀಕ್ರೆಟ್’ ಎಂದರೆ ಬೇರೆಯಾಗಿ ತೆಗೆದಿಟ್ಟದ್ದು. ‘ಸರ್ಟನ್’ ಎಂದರೆ ಸೋಸಿ ಖಚಿತವಾದದ್ದು. ಸಕ್ಕರೆ ಕಾಯಿಲೆಯವರು ಹುಡುಕಿಕೊಂಡು ಹೋಗುವ ‘ಎಂಡೋಕ್ರೈನಾಲಜಿಸ್ಟ್’ ಹೆಸರಿನಲ್ಲಿಯೂ ‘ಕ್ರೀನೋ’ ಇದೆ. ದೇಹದೊಳಗೇ ರಸವನ್ನು ಬೇರ್ಪಡಿಸಿ ಕೊಡುವ ಗ್ರಂಥಿಗಳ ವೈದ್ಯರು ಅವರು. ‘ಡಿಸ್ಕ್ರಿಮಿನೇಷನ್’ ಪದ ಬಂದದ್ದೂ ಇದೇ ಮನೆತನದಿಂದ. ಒಳಿತು ಕೆಡುಕುಗಳನ್ನು ಬೇರ್ಪಡಿಸಿ ನೋಡುವುದೂ ಅದೇ, ಮನುಷ್ಯರನ್ನು ಮೇಲು ಕೀಳೆಂದು ಬೇರ್ಪಡಿಸುವುದೂ ಅದೇ. ಮೊರಕ್ಕೆ ಕಾಳು ಹಾಕಿದರೆ ವಿವೇಕ, ಮನುಷ್ಯರನ್ನು ಹಾಕಿದರೆ ಅನ್ಯಾಯ.

ಕನ್ನಡಿಗರು ನಿತ್ಯ ಬಳಸುವ ‘ವಿವೇಕ’ ಪದದ ಸಂಸ್ಕೃತ ಧಾತುವಿಗೂ ಬೇರ್ಪಡಿಸು ಎಂದೇ ಅರ್ಥ. ಹಾಲನ್ನೂ ನೀರನ್ನೂ ಬೇರೆ ಮಾಡುವ ಹಂಸದ ಕಲ್ಪನೆ ಬಂದದ್ದು ಇದೇ ಭಾವದಿಂದ. ಅಚ್ಚಗನ್ನಡದ ‘ತೀರ್ಪು’ ಮಾತ್ರ ಬೇರೆ ದಾರಿ ಹಿಡಿದಿದೆ. ಅದು ‘ತೀರು’ ಎಂಬುದರಿಂದ ಬಂದದ್ದು; ಮುಗಿಯಿತು, ಸಾಲ ತೀರಿತು ಎಂಬ ಹಾಗೆ. ಗ್ರೀಕರು ತೀರ್ಪನ್ನು ಅದರ ಆರಂಭದಿಂದ ನೋಡಿದರು. ಕನ್ನಡ ಅದನ್ನು ಅದರ ಕೊನೆಯಿಂದ ನೋಡಿತು. ಸೋಸದೆ ತೀರುವುದಿಲ್ಲ, ತೀರದಿದ್ದರೆ ಸೋಸಿ ಫಲವಿಲ್ಲ. ಎರಡೂ ಬೇಕು.

ಹಾಗಾದರೆ ಕಳೆದುಹೋದದ್ದು ಏನು? 15ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ‘ಕ್ರೈಸಿಸ್’ ವೈದ್ಯರ ಪದವಾಗಿತ್ತು. ಮುಂದೆ ರಾಜಕೀಯ ಅದನ್ನು ಎರವಲು ಪಡೆಯಿತು. ಜರ್ಮನ್ ಇತಿಹಾಸಕಾರ ರೈನ್‌ಹಾರ್ಟ್ ಕೊಸೆಲೆಕ್ 1959ರಲ್ಲಿ ಪ್ರಕಟಿಸಿದ ‘ವಿಮರ್ಶೆ ಮತ್ತು ಬಿಕ್ಕಟ್ಟು’ ಎಂಬ ಗ್ರಂಥದಲ್ಲಿ 18ನೇ ಶತಮಾನದ ಯುರೋಪನ್ನು ಚರ್ಚಿಸುತ್ತಾ, ಗ್ರೀಕರಲ್ಲಿ ಒಂದೇ ಮನೆಯಲ್ಲಿದ್ದ ‘ಕ್ರಿಟಿಕ್’ ಮತ್ತು ‘ಕ್ರೈಸಿಸ್’ ಬೇರೆ ಬೇರೆಯಾದದ್ದರ ಕಡೆ ಗಮನ ಸೆಳೆದ. ತೂಗಿ ನೋಡುವವರು ಒಂದು ಕಡೆ, ಆಪತ್ತು ಇನ್ನೊಂದು ಕಡೆ. ನಡುವೆ ಬಿದ್ದುಹೋದದ್ದು ಕ್ರಿಯಾಪದದೊಳಗೆ ಕುಳಿತಿದ್ದ ಆ ‘ಮಾಡುವವನು’. ‘ಬಿಕ್ಕಟ್ಟು ತಲೆದೋರಿದೆ’, ‘ಬಿಕ್ಕಟ್ಟು ಉಲ್ಬಣಿಸಿದೆ’ ಎಂಬ ವಾಕ್ಯಗಳನ್ನು ನೋಡಿ. ಮಳೆ ಬಂದಂತೆ ಬಿಕ್ಕಟ್ಟು ಬಂದಿದೆ. ನಿರ್ಧರಿಸಬೇಕಾದವರು ಯಾರು, ಯಾವಾಗ ನಿರ್ಧರಿಸಬೇಕಿತ್ತು ಎಂಬುದು ಆ ವಾಕ್ಯಗಳಲ್ಲಿ ಇಲ್ಲ. ಕೆರೆ ಒತ್ತುವರಿಗೆ ಕಣ್ಣು ಮುಚ್ಚಿದವರು, ಕಡತವನ್ನು ವರ್ಷಗಟ್ಟಲೆ ಮುಂದೂಡಿದವರು ‘ನೀರಿನ ಬಿಕ್ಕಟ್ಟು’ ಎಂಬ ಎರಡು ಪದಗಳ ಹಿಂದೆ ಸುಲಭವಾಗಿ ಮರೆಯಾಗುತ್ತಾರೆ.

ಪದದ ಎರಡು ಅರ್ಥಗಳೂ ಒಟ್ಟಿಗೆ ಬೀದಿಗೆ ಬಂದದ್ದು ಅದರ ತವರಿನಲ್ಲಿಯೇ. ಇಂದಿನ ಗ್ರೀಕ್ ಭಾಷೆಯಲ್ಲಿ ‘ಕ್ರೀಸಿ’ ಎಂದರೆ ಬಿಕ್ಕಟ್ಟೂ ಹೌದು, ತೀರ್ಮಾನವೂ ಹೌದು. 2009ರ ಕೊನೆಯಲ್ಲಿ ಆರಂಭವಾದ ಸಾಲದ ‘ಕ್ರೀಸಿ’ ಆ ದೇಶದ ಪಿಂಚಣಿ, ಸಂಬಳ, ಉದ್ಯೋಗಗಳನ್ನು ನುಂಗಿತು. 2015ರ ಜುಲೈ 5ರಂದು ಸಾಲ ಕೊಟ್ಟವರ ಷರತ್ತುಗಳ ಮೇಲೆ ಜನಮತ ಗಣನೆ ನಡೆಯಿತು. ಶೇ 61ರಷ್ಟು ಮತದಾರರು ‘ಬೇಡ’ ಎಂದರು. ಆದರೆ ಜುಲೈ 13ರಂದು ಸರ್ಕಾರ ಕಠಿಣ ಷರತ್ತುಗಳಿಗೆ ಒಪ್ಪಿ ಮತ್ತೊಂದು ಸಾಲದ ಒಪ್ಪಂದಕ್ಕೆ ಬಂತು. ಆ ಸರಣಿಯ ನೆರವಿನ ಕಾರ್ಯಕ್ರಮ ಮುಗಿದದ್ದು 2018ರ ಆಗಸ್ಟ್ 20ರಂದು. ಸರ್ಕಾರಕ್ಕೆ ಬೇರೆ ದಾರಿ ಇತ್ತೇ ಇಲ್ಲವೇ ಎಂಬ ಚರ್ಚೆ ಬೇರೆ. ಆ ಎಂಟು ದಿನಗಳಲ್ಲಿ ಒಂದು ‘ಕ್ರೀಸಿ’ ಇನ್ನೊಂದು ‘ಕ್ರೀಸಿ’ಯನ್ನು ಸೋಲಿಸಿತು ಎಂಬುದಂತೂ ನಿಜ. ಆಪತ್ತು ಉಳಿಯಿತು, ಜನರ ತೀರ್ಮಾನ ಪಕ್ಕಕ್ಕೆ ಸರಿಯಿತು.

ಎರಡೂವರೆ ಸಾವಿರ ವರ್ಷ ಹಳೆಯ ಕ್ರಿಯಾಪದವೊಂದನ್ನು ನೆನೆಯುವುದರಿಂದ ಕೆರೆ ತುಂಬುವುದಿಲ್ಲ, ಸಾಲ ತೀರುವುದಿಲ್ಲ. ಆದರೆ ಮುಂದಿನ ಸಲ ಪತ್ರಿಕೆಯಲ್ಲಿ ‘ಬಿಕ್ಕಟ್ಟು’ ಎಂಬ ಪದ ಕಂಡಾಗ ಓದುಗರು ಎರಡು ಪ್ರಶ್ನೆ ಕೇಳಿಕೊಳ್ಳಬಹುದು. ಇಲ್ಲಿ ಬೇರ್ಪಡಿಸಿ ನೋಡಬೇಕಾದದ್ದು ಏನು? ಆ ಕೆಲಸದಲ್ಲಿ ಪಾಲು ಯಾರ ಯಾರದು? ಅರಿಸ್ಟಾಟಲ್‌ನ ಲೆಕ್ಕದಲ್ಲಿ ಈ ಎರಡನೆಯ ಪ್ರಶ್ನೆಗೆ ‘ನನ್ನದೂ’ ಎನ್ನುವವನೇ ನಾಗರಿಕ. ಅಂದು ಆ ಹಕ್ಕಿಲ್ಲದೆ ಹೊರಗೆ ನಿಂತವರಲ್ಲಿ ಹಲವರಿಗೆ ಇಂದು ಮತ ಇದೆ. ಮಡಕೆಯ ನೀರು ಮಾತ್ರ ಇಂದಿಗೂ ಸೋರುತ್ತಲೇ ಇದೆ.